ಎರಡನೇ ಬ್ರೇಕು

ನನ್ನ ಕಾರಿಗೆ ಎರಡು ಬ್ರೇಕು.
ಒಂದು ಕಲಿಯುವವರ ಕಾಲಡಿ.
ಇನ್ನೊಂದು ನನ್ನದು, ಎಡಗಡೆ ಸೀಟಿನ ಮುಂದೆ,
ಇಪ್ಪತ್ತಾರು ವರ್ಷ ತುಳಿದು ರಬ್ಬರೆಲ್ಲ ಸವೆದು
ಹಳೇ ನಾಕಾಣೆಯ ಹಾಗೆ ಹೊಳೆಯುತ್ತದೆ.

ಮದುವೆ ಪಂಕ್ತಿಯಲ್ಲಿ ಸಾರಿನ ಬಕೆಟ್ಟು ಜೋರಾಗಿ ಬಂದರೆ
ಒತ್ತುತ್ತೇನೆ. ಹರಿಹರದ ಬಸ್ಸಿನಲ್ಲಿ ಒತ್ತುತ್ತೇನೆ.
ನಿದ್ದೆಯಲ್ಲೂ ಒತ್ತಿ ಒತ್ತಿ, ಹೆಂಡತಿ
ಮಂಚದ ಆ ತುದಿಗೆ ಸರಿದು ಎಷ್ಟೋ ವರ್ಷವಾಯಿತು.

ಕಲಿತವರು ಹೋಗುತ್ತಾರೆ. ಹೋಗಲಿ ಅಂತಲೇ ಕಲಿಸುವುದು.
ಕಾರ್ಡು ಬಂದ ದಿನ ಪೇಡೆ ಕೊಟ್ಟು,
ಕೆಂಪು ಎಲ್ ಅಕ್ಷರವನ್ನು ಉಗುರಲ್ಲಿ ಕಿತ್ತು,
ವಾರದೊಳಗೆ ಪಿ.ಬಿ. ರಸ್ತೆಯಲ್ಲಿ ನನ್ನನ್ನೇ ಹಿಂದೆ ಹಾಕಿ
ಹಾರ್ನ್ ಹೊಡೆದು ಹೋಗುತ್ತಾರೆ,
ಇಂಡಿಕೇಟರ್ ಹಾಕದೆ.

ಗುಲ್ನಾರ್ ಬಂದದ್ದು ಮಂಡಕ್ಕಿ ಭಟ್ಟಿಯಿಂದ.
ನಲವತ್ತನಾಲ್ಕು. ಬುರ್ಖಾದ ತೋಳಿಗೆ ಬಿಸಿ ಮರಳಿನ ವಾಸನೆ.
ಲಗೇಜ್ ಆಟೋದವನು ಬಾಡಿಗೆಯನ್ನೂ ತಗೊಂಡು
ದಾರಿಯುದ್ದ ಮೂಟೆಗೆ ಕೈ ಹಾಕಿ ಮುಕ್ಕುತ್ತಾನಂತೆ.
ಮೊದಲ ದಿನ, ಕೀಲಿ ತಿರುಗಿಸುವ ಮುಂಚೆ ಕೇಳಿದಳು:
"ಸರ, ಮೊದ್ಲು ಇದನ್ನ ಆಫ್ ಮಾಡೋದು ಕಲಿಸ್ರಿ."
ಇಷ್ಟು ವರ್ಷದಲ್ಲಿ ಯಾರೂ ಅದನ್ನು ಕೇಳಿರಲಿಲ್ಲ.

ಗೇರೆಂದರೆ ಅವಳಿಗೆ ಬಾಣಲೆಯ ಮರಳು ತಿರುವಿದ ಹಾಗೆ,
ಮಣಿಕಟ್ಟು ಸಾಕು, ಭುಜ ಬೇಡ.
ಕ್ಲಚ್ಚು ಮಾತ್ರ ಮಾತು ಕೇಳಲಿಲ್ಲ.
ಅಶೋಕ ರಸ್ತೆಯ ರೈಲ್ವೆ ಗೇಟು ಎತ್ತಿದಾಗ
ಗಾಡಿ ಮೂರು ಸಲ ಕೆಮ್ಮಿ ಸತ್ತಿತು.
ಹಿಂದೆ ಇಡೀ ದಾವಣಗೆರೆ ಹಾರ್ನ್ ಒತ್ತಿತು.
ಅವಳು ಕನ್ನಡಿಯೊಳಗೆ ನೋಡಿ,
"ಎಲ್ಲಾರೂ ತಾಯಿ ಹೊಟ್ಟೇಲೇ ಕಲ್ತು ಬಂದೋರು" ಅಂದಳು.

ಮೊದಲ ಟೆಸ್ಟು ಫೇಲು.
ರಿವರ್ಸಿನಲ್ಲಿ ಬಂದು ಬಿದಿರ ಗಳಕ್ಕೆ ತಾಗಿಸಿದಳು,
ಮಗುವಿನ ಹಣೆ ಮುಟ್ಟಿ ಜ್ವರ ನೋಡುವಷ್ಟು ಮೆತ್ತಗೆ.
ಇನ್ಸ್‌ಪೆಕ್ಟರು ಪ್ಯಾಡಿನ ಮೇಲೆ ಅಡ್ಡಗೆರೆ ಎಳೆದರು.
ಆ ಹೊತ್ತಿಗೆ ನನ್ನ ಸೀಟು ಅವರದು.
ಬೇವಿನ ಮರದಡಿ ನಿಂತು ನಾನು ನೆಲ ಒತ್ತಿದ್ದೆ,
ಚಪ್ಪಲಿಯ ಉಂಗುಟ ಕಿತ್ತುಬಂದಿತ್ತು.

ಎರಡನೇ ಸಲ ಎಂಟು ಹಾಕಿದಳು
ಜಿಲೇಬಿ ಬಿಟ್ಟ ಹಾಗೆ, ಎಲ್ಲೂ ಕಡಿಯದೆ.
ಇನ್ಸ್‌ಪೆಕ್ಟರು ಆಕಳಿಸಿದರು.
ಪಾಸೆಂದರೆ ಅಷ್ಟೇ.

ಹನ್ನೊಂದನೇ ದಿನ ಪೋಸ್ಟಿನಲ್ಲಿ ಕಾರ್ಡು.
ಫೋಟೋದಲ್ಲಿ ಯಾರನ್ನೋ ಬೈಯಲು ಹೊರಟವಳಂತೆ ಇದ್ದಳು.
ಸಂಜೆ ನನ್ನ ಆಫೀಸಿನ ಮುಂದೆ ಹಳೇ ಓಮ್ನಿ ನಿಂತಿತು,
ಚಾವಣಿ ಮುಟ್ಟುವವರೆಗೆ ಮಂಡಕ್ಕಿ ಮೂಟೆ.
"ಕೂತ್ಕಳ್ರಿ ಸರ. ಬಾತಿ ತನಕ ಹೋಗಿ ಬರಣ.
ಮೂರು ಅಂಗಡಿಗೆ ಹಾಕದೈತಿ."

ಎಡಗಡೆ ಕೂತೆ. ಕಾಲಡಿ ಏನೂ ಇರಲಿಲ್ಲ.
ಒಂದು ಮ್ಯಾಟು, ಅದರ ಮೇಲೆ ಉದುರಿದ ನಾಲ್ಕು ಕಾಳು ಮಂಡಕ್ಕಿ.
ಜಯದೇವ ಸರ್ಕಲ್ಲಿನಲ್ಲಿ ಒತ್ತಿದೆ.
ಚುರುಕ್ ಅಂದು ಪುಡಿಯಾದವು.
ಅವಳು ನನ್ನ ಕಾಲು ನೋಡಿದಳು, ಮತ್ತೆ ರಸ್ತೆ ನೋಡಿದಳು,
ಏನೂ ಅನ್ನಲಿಲ್ಲ.

ಆಮೇಲೆ ಸೈಡು ನೋಡದೆ ಒಂದು ಟ್ರ್ಯಾಕ್ಟರು ನುಗ್ಗಿತು.
ನಾನು ಕಾಲೆತ್ತುವ ಮುಂಚೆ
ಗಾಡಿ ನಿಂತಿತ್ತು.
ಟ್ರ್ಯಾಕ್ಟರಿನವನಿಗೆ ಅವಳು ಉರ್ದುವಿನಲ್ಲಿ ಹೇಳಿದ್ದು
ಆ ಕಾರ್ಡಿನ ಫೋಟೋಗೆ ಸರಿಹೊಂದುವಂತಿತ್ತು.

ಬೆನ್ನಿಗೆ ಬೆಚ್ಚಗೆ ಮೂಟೆ.
ಇಷ್ಟು ದೊಡ್ಡ ಲೋಡು, ತೂಕವೇ ಇಲ್ಲ.
ಕಿಟಕಿಯಿಂದ ಗಾಳಿ. ನಾಲ್ಕನೇ ಗೇರು,
ಬಿದ್ದದ್ದೇ ಗೊತ್ತಾಗದ ಹಾಗೆ.

"ಸರ. ಸರ, ಬಾತಿ ಬಂತು."

ಕಣ್ಣು ಬಿಟ್ಟೆ. ಮುಂದೆ ಕೆರೆ.
ಕೀಲಿ ಅವಳ ಕೈಯಲ್ಲಿತ್ತು.
ಗಾಡಿ ಯಾವಾಗ ಆಫ್ ಮಾಡಿದಳೋ
ನನಗೆ ಗೊತ್ತೇ ಆಗಿರಲಿಲ್ಲ.