ಆಸರೆಗೂಟ

ಹೋದ ಏಪ್ರಿಲಿನಲ್ಲಿ ಹೂವಿಗೆ ಮೊದಲೇ
ಎಲೆಯೆಲ್ಲ ಜರಡಿ.
ಒಂದೊಂದು ಚಿಗುರಿನ ಮಡಿಕೆಯಲ್ಲೂ
ದಾರದೆಳೆಯಷ್ಟು ಹಸಿರು ಹುಳ,
ಬೆನ್ನು ಬಿಲ್ಲು ಮಾಡಿ, ನೀಡಿ, ಮತ್ತೆ ಬಿಲ್ಲು ಮಾಡಿ
ನನ್ನ ಬ್ರಾಮ್ಲಿ ಸೇಬಿನ ಮರವನ್ನು
ಗೇಣು ಗೇಣಾಗಿ ಅಳೆಯುತ್ತಿತ್ತು,
ಪಾಲಿಗೆ ಬಂದ ಜಮೀನಿನ ಹಾಗೆ.

"ಈಗ ಏನು ಮಾಡಿದರೂ ತಡ" ಅಂದರು
ಬೇಲಿಯಾಚೆಯಿಂದ ಗ್ಲೆನಿಸ್ ಪ್ರಾಸರ್,
ಎಂಬತ್ಮೂರರ ಸೊಂಟಕ್ಕೆ ಕೈಯಿಟ್ಟು.
"ಹುಳ ಕಂಡಾಗ ಹುಳದ ಕೆಲಸ ಮುಗಿದಿರುತ್ತೆ.
ಅಕ್ಟೋಬರಿನಲ್ಲಿ ನೆನಪು ಮಾಡು,
ನಾನು ಇದ್ದರೆ."

ಇದ್ದರು. ಅಂಟುಪಟ್ಟಿಯ ಸುರುಳಿ,
ಹಳೇ ಗ್ರೀಸಿನ ಡಬ್ಬಿ, ಎರಡನ್ನೂ
ಬೇಲಿಯ ಮೇಲೆ ಅವರೇ ತಂದಿಟ್ಟರು.

ಹೆರೆಫರ್ಡಿನಿಂದ ಲೆಡ್ಬರಿಗೆ ಬರುವ ಕೊನೆಯ ಬಸ್ಸು
ಓಡಿಸುವವಳು ನಾನು.
ನವೆಂಬರಿನ ಮಂಜಿನಲ್ಲಿ, ತೋಟಗಳ ತಿರುವಿನಲ್ಲಿ
ಹೆಡ್‌ಲೈಟಿಗೆ ಬೂದಿಯ ಚೂರುಗಳ ಹಾಗೆ
ತೇಲಿ ಬರುತ್ತಿದ್ದವು ಪತಂಗಗಳು.
ಇಂಥ ಚಳಿಯಲ್ಲಿ ಇವಕ್ಕೇನು ಬಂತು ಕೇಡು ಅಂತ
ಎಷ್ಟೋ ವರ್ಷ ವೈಪರ್ ಹಾಕಿ ಒರೆಸಿದ್ದೆ.
ಅವೆಲ್ಲ ಗಂಡುಗಳಂತೆ.
ಹೆಣ್ಣಿಗೆ ರೆಕ್ಕೆಯಿಲ್ಲವಂತೆ.
ಮಣ್ಣಿನಿಂದ ಎದ್ದು, ಕತ್ತಲಲ್ಲಿ,
ಹೊಟ್ಟೆ ತುಂಬ ಮೊಟ್ಟೆ ಹೊತ್ತು
ಬುಡದಿಂದ ತುದಿಗೆ ನಡೆದೇ ಹೋಗಬೇಕಂತೆ.

ಅದಕ್ಕೇ ಪಟ್ಟಿ.
ಮೊಣಕಾಲಿನೆತ್ತರಕ್ಕೆ ಕಾಂಡದ ಸುತ್ತ ಬಿಗಿದು,
ತೊಗಟೆಯ ಸಂದಿಯಲ್ಲಿ
ಹುಲ್ಲುಕಡ್ಡಿಯೂ ನುಸುಳದಂತೆ ಒತ್ತಿ,
ದಾರ ಸುತ್ತಿ ಗಂಟು ಹಾಕಿದರೆ
ಉಡಿದಾರ ಕಟ್ಟಿಸಿಕೊಂಡ ಕೂಸಿನ ಹಾಗೆ
ಬತ್ತಲೆ ನಿಂತಿತು ಮರ. ನಗು ಬಂತು.
ಕೈಗೆ ಹತ್ತಿದ ಅಂಟು
ಮೂರು ದಿನ ಸ್ಟಿಯರಿಂಗಿಗೂ ಹತ್ತಿತು.

ಡಿಸೆಂಬರ್ ಎಂಟು. ಡಿಪೋದಿಂದ ಬಂದವಳು
ಸಮವಸ್ತ್ರ ಬಿಚ್ಚದೆ ಟಾರ್ಚು ಹಿಡಿದೆ.
ಪಟ್ಟಿಯ ಮೇಲೆ ಎಣಿಸಿದೆ: ಹದಿನೇಳು.
ಉದ್ದಿನಕಾಳಿಗೆ ಆರು ಕಾಲು ಬಂದಂತೆ,
ಬೆನ್ನಿನ ಮೇಲೆ ರೆಕ್ಕೆಯ ಹೆಸರಿಗೆ ಎರಡು ಚಿಂದಿ.
ಗಂಡುಗಳೂ ಕೆಲವು, ಹುಡುಕಿಕೊಂಡು ಬಂದು
ರೆಕ್ಕೆಸಮೇತ ಸಿಕ್ಕಿಬಿದ್ದವು.
ಒಂದು ಗುಲಗಂಜಿ ಹುಳು.
ಅದರದ್ದೇನೂ ತಪ್ಪಿರಲಿಲ್ಲ.

ಒಂದೊಂದಕ್ಕೆ ನೂರೋ ಇನ್ನೂರೋ ಮೊಟ್ಟೆ,
ಹದಿನೇಳಕ್ಕೆ ಎಷ್ಟಾಯಿತು ಅಂತ
ಗೆದ್ದವಳ ಲೆಕ್ಕದಲ್ಲಿ ಟಾರ್ಚು ತಿರುಗಿಸಿದರೆ

ಗೂಟ.
ಗಾಳಿಗೆ ವಾಲುತ್ತದೆಂದು ಮೂರು ವರ್ಷದ ಹಿಂದೆ
ನಾನೇ ಹೊಡೆದ ಆಸರೆಗೂಟ,
ನಾನೇ ಹಳೇ ಸೈಕಲ್ ಟ್ಯೂಬಿನಿಂದ
ಮರಕ್ಕೆ ಬಿಗಿದದ್ದು.
ಅದರ ಮೇಲೆ ಒಂದು, ಅದರ ಹಿಂದೆ ಇನ್ನೊಂದು,
ಟ್ಯೂಬಿನ ಸೇತುವೆ ದಾಟುತ್ತ ಮೂರನೆಯದು,
ಯಾವ ಆತುರವೂ ಇಲ್ಲದೆ,
ಸಂಜೆ ನನ್ನ ಬಸ್ಸು ಹತ್ತುವ ಹೆಂಗಸರ ಹಾಗೆ
ಚೀಲದ ತುಂಬ ಭಾರ, ಕಣ್ಣು ಮೆಟ್ಟಿಲ ಮೇಲೆ.

ಎಷ್ಟು ರಾತ್ರಿಯಿಂದ?

ಅಡುಗೆಮನೆಯ ಬೆಣ್ಣೆಚಾಕು ತಂದು
ಡಬ್ಬಿಯ ತಳ ಕೆರೆದು ಗೂಟಕ್ಕೆ ಬಳಿದೆ
ಹನ್ನೊಂದು ಗಂಟೆಯ ಇಬ್ಬನಿಯಲ್ಲಿ ಮಂಡಿಯೂರಿ.
ಹೊಸ್ತಿಲಿಗೆ ಅರಿಶಿನ ಬಳಿಯುವುದೂ ಹೀಗೇ,
ಅದು ಬಾ ಅನ್ನುವುದಕ್ಕೆ.

ಸೇತುವೆಯ ಮೇಲಿದ್ದವಳನ್ನು
ಬೆರಳಿಗೆ ಹತ್ತಿಸಿಕೊಂಡೆ.
ಉಫ್ ಅಂದೆ, ಅಭ್ಯಾಸಬಲ.
ಹಾರಿಹೋಗಲು ಅವಳ ಹತ್ತಿರ ಏನಿದೆ?
ಗಾಳಿ ನಿಲ್ಲುವ ತನಕ ಅವುಚಿ ಕೂತಿದ್ದು
ಮತ್ತೆ ಬೆರಳ ತುದಿಗೆ ನಡೆದಳು,
ಅಲ್ಲಿಂದಾಚೆಗೆ ಕೊಂಬೆಯಿರಬೇಕೆಂದು
ಮುಂಗಾಲು ಎತ್ತಿದಳು.
ಆಮೇಲೆ ಏನು ಮಾಡಿದೆನೆಂದು
ಗ್ಲೆನಿಸ್‌ಗೆ ಹೇಳಿಲ್ಲ.

ಈಗ ಮೇ. ಎಲೆ ಎಲೆಯಾಗಿಯೇ ಇದೆ, ಹೆಚ್ಚುಕಡಿಮೆ.
ಗೂಟದ ಕಡೆಯ ಕೊಂಬೆಯಲ್ಲಿ ಮಾತ್ರ
ಅಲ್ಲಲ್ಲಿ ತೂತು.
ನೀಲಿ ನೆತ್ತಿಯ ಪುಟ್ಟ ಹಕ್ಕಿಯೊಂದು
ದಿನಕ್ಕೆ ಎಷ್ಟು ಸಲವೋ ಅದೇ ಕೊಂಬೆಗೆ ಬಂದು
ಕೊಕ್ಕಿನಲ್ಲಿ ಹಸಿರು ಎಳೆ ಕಚ್ಚಿಕೊಂಡು
ಗ್ಲೆನಿಸ್ ಮನೆಯ ಗೋಡೆಬಿರುಕಿಗೆ ನುಗ್ಗುತ್ತದೆ.

"ಗೂಟಕ್ಕೂ ಕಟ್ಟಿದ್ದೆ ತಾನೆ?"
ಬೇಲಿಯಾಚೆಯಿಂದ ಕೇಳಿದರು.
ಹೂಂ ಅಂದೆ.
ಬೆಣ್ಣೆಚಾಕು ಇನ್ನೂ ಡ್ರಾಯರಿನಲ್ಲಿದೆ,
ಎಷ್ಟು ತೊಳೆದರೂ
ಮುಟ್ಟಿದವರ ಕೈ ಹಿಡಿಯುತ್ತದೆ.