ಹೌದು ಎಂದವರು

ಈ ಗಂಟಲು ಮೊದಲು ಹಮ್ಮಣ್ಣ ನಾಯಕರದ್ದು.
ಅಂಕೋಲೆಯ ಓಣಿಗಳಲ್ಲಿ ಬಾಡಿಗೆ ಜೀಪಿನ ಮೈಕಿಗೆ
ಬಾಯಿ ತಾಗಿಸಿ ಇಪ್ಪತ್ತೊಂದು ದಿನ
"ನಮ್ಮ ವಕೀಲರು, ನಿಮ್ಮ ವಕೀಲರು"
ಎಂದು ಕೂಗಿದ್ದು ಇದೇ.
ಗೆದ್ದದ್ದು ಆರುನೂರ ಹನ್ನೆರಡು ಮತದಿಂದ.
ಆ ಹನ್ನೆರಡು ನಮ್ಮ ಮನೆಯವು ಎಂದು
ಇವತ್ತಿಗೂ ಹೇಳುತ್ತೇನೆ.

ಐದು ವರ್ಷ. ಆಮೇಲೆ ಸೋತರು.
ಸೋತವನ ಅಂಗಳದಲ್ಲಿ ಚಪ್ಪಲಿ ಕಡಿಮೆಯಾಗಲು
ಎರಡು ವಾರ ಸಾಕು, ನಾನು ಎಣಿಸಿದ್ದೇನೆ.
ಮತ್ತೆ ಕರಿಕೋಟು ಹಾಕಿದರು.
ಪಕ್ಷಕ್ಕೆ ಒಂದೇ ಸಾಲಿನ ರಾಜೀನಾಮೆ.
ನಲವತ್ಮೂರರಲ್ಲಿ ಪರೀಕ್ಷೆ ಬರೆದರಂತೆ,
ಹುಡುಗರ ನಡುವೆ ಕೂತು.

ಬೀದರ, ಕೋಲಾರ, ಇನ್ನೆಲ್ಲೋ.
ತವರಿಗೆ ಹಾಕುವುದಿಲ್ಲ ಅನ್ನುತ್ತಾರೆ;
ಕೊನೆಯ ವರ್ಷ ಹೇಗೋ ಕಾರವಾರಕ್ಕೆ ಬಂದರು.
ಅಷ್ಟರಲ್ಲಿ ನಾನು ಅಲ್ಲಿ ದಲಾಯತ,
ಬಿಳಿ ಅಂಗಿ, ಕೆಂಪು ಪಟ್ಟಿ.
ಮೊದಲ ದಿನ ಕುರ್ಚಿ ಎಳೆದುಕೊಟ್ಟೆ.
ಗೋಡೆ ಗಡಿಯಾರ ನೋಡಿದ ಹಾಗೆ ನನ್ನ ನೋಡಿದರು.
ಚೇಂಬರಿನ ಬಾಗಿಲು ಹಾಕಿದ ಮೇಲೆ ಮಾತ್ರ
"ಶಾಣು, ಇಲ್ಲಿ ನೀನು ನನ್ನ ಹೆಸರು ಕೂಗುವ ಹಾಗಿಲ್ಲ" ಎಂದರು.
ನಕ್ಕರೋ ಏನೋ. ಫ್ಯಾನಿನ ಸದ್ದು ಜೋರಿತ್ತು.

ವಕೀಲರು ಯಾರಾದರೂ ಚೆನ್ನಾಗಿ ವಾದಿಸಿದರೆ
ಬಲಗೈ ಮೇಜಿನಿಂದ ಮೇಲೇಳುತ್ತಿತ್ತು,
ಸದನದಲ್ಲಿ ತಟ್ಟಿ ತಟ್ಟಿ ಪಳಗಿದ ಕೈ;
ನಡುದಾರಿಯಲ್ಲಿ ನೆನಪಾಗಿ
ಕನ್ನಡಕ ಒರೆಸಲು ಹೊರಳುತ್ತಿತ್ತು.
ಆ ವರ್ಷ ಕನ್ನಡಕ ಬಹಳ ಸ್ವಚ್ಛವಿತ್ತು.

ಮಾದೇವಿ ಹರಿಕಂತ್ರ. ಮೂರು ಸಲ ಕೂಗಿದೆ.
ಮೊದಲನೆಯದಕ್ಕೇ ಬಂದು ನಿಂತಿದ್ದಳು,
ಆದರೂ ಮೂರು ಕೂಗಬೇಕು.
ಬೈತಖೋಲದಲ್ಲಿ ತಾರ್ಲೆ ಒಣಗಿಸುವ ಹತ್ತು ಮಾರು ಮರಳು.
ಮೂವತ್ತೊಂದು ವರ್ಷದ ಬಾಡಿಗೆ ರಸೀದಿ
ಹಾರ್ಲಿಕ್ಸ್ ಬಾಟಲಿಯಲ್ಲಿ ಸುರುಳಿ ಸುತ್ತಿ,
ಉಪ್ಪುಗಾಳಿ ತಾಗಬಾರದೆಂದು.
ಕಲಂ ಒಂಬತ್ತು ಹೇಳುತ್ತದೆ:
ರಸೀದಿ ಮತ್ತು ಪರವಾನಗಿ.
ಅಥವಾ ಅಲ್ಲ. ಮತ್ತು.
ಪರವಾನಗಿ ಎಂಬುದೊಂದಿದೆಯೆಂದು ಆ ಮರಳಿನಲ್ಲಿ
ಯಾರೂ ಯಾರಿಗೂ ಹೇಳಿರಲಿಲ್ಲ.

ಸಾಹೇಬರು ಕಲಂ ಓದಿದರು. ಕಾಯ್ದೆಯ ವರ್ಷ ಓದಿದರು.
ಆಮೇಲೆ ಯಾರೂ ಕೇಳದೆಯೇ ಹೇಳಿದರು:
"ಇದು ಪಾಸಾದ ಮಧ್ಯಾಹ್ನ ನಾನು ಸದನದಲ್ಲಿದ್ದೆ.
ಹನ್ನೊಂದು ಮಸೂದೆ, ನಲವತ್ತು ನಿಮಿಷ,
ಊಟದ ಮತ್ತು ಇಳಿದಿರಲಿಲ್ಲ.
ಪರವಾಗಿರುವವರು ಹೌದು ಎನ್ನಿ ಎಂದರು.
ಎಂದೆ.
ಯಾರಿಗಾದರೂ ಆಕ್ಷೇಪವಿದ್ದರೆ
ಈ ಕಡತ ಬೇರೆ ಕೋರ್ಟಿಗೆ ಹೋಗಲೆಂದು ಬರೆಯುತ್ತೇನೆ."

ಸರ್ಕಾರಿ ವಕೀಲರು ಪುಟ ತಿರುವಿದರು.
ಅವಳ ವಕೀಲ, ಹೊಸ ಹುಡುಗ, ಅವಳ ಮುಖ ನೋಡಿದ.
ಸೆರಗಿನಿಂದ ಬಾಟಲಿ ಒರೆಸುತ್ತ ಮಾದೇವಿ ಅಂದಳು:
"ಹೌದು ಅಂದವ್ರೇ ಓದ್ಲಿ. ಈಗಾದ್ರೂ."

ನಾಲ್ಕು ವಾಯಿದೆ.
ರಾತ್ರಿ ಬಂಗಲೆಯ ದೀಪ ಆರುತ್ತಿರಲಿಲ್ಲ;
ದೂರದಲ್ಲಿ ಕಾಳಿ ಸೇತುವೆ ದಾಟುವ ಲಾರಿಗಳು.
ಎಷ್ಟು ತಿರುಗಿಸಿ ಓದಿದರೂ
ಆ ಎರಡಕ್ಷರ ಅಥವಾ ಆಗಲಿಲ್ಲ.

ತೀರ್ಪು ಅವಳ ವಿರುದ್ಧ.
ಕೊನೆಯ ಪುಟದಲ್ಲೊಂದು ವಾಕ್ಯವಿತ್ತು,
ಮೇಲಿನ ಕೋರ್ಟು ಆಮೇಲೆ ತೆಗೆಸಿತು:
ಈ ಕಲಮನ್ನು ಓದದೆ ಒಪ್ಪಲಾಗಿದೆ,
ಒಪ್ಪಿದವರಲ್ಲಿ ಒಬ್ಬನು ಇದನ್ನು ಬರೆಯುತ್ತಿದ್ದಾನೆ.
ಟೈಪಿಸ್ಟು ಎರಡು ಸಲ ಕೇಳಿದಳು, ಹೀಗೇ ಇರಲಾ ಸರ್?
ಹೀಗೇ.

ಈಗ ಅವರೂ ನಿವೃತ್ತರು, ನಾನೂ.
ಭಾನುವಾರದ ಸಂತೆಗೆ ಇಬ್ಬರೂ ಚೀಲ ಹಿಡಿದು ಹೋಗುತ್ತೇವೆ.
ಮಾದೇವಿ ಬುಟ್ಟಿಯಿಟ್ಟುಕೊಂಡು ರಸ್ತೆಯ ಬದಿ.
ಬಂಗಡೆ ಎಲ್ಲರಿಗೂ ನೂರು, ಅವರಿಗೆ ನೂರಿಪ್ಪತ್ತು.
ಚೌಕಾಸಿಯಿಲ್ಲ, ಕೊಡುತ್ತಾರೆ.

ಮೊನ್ನೆ ಕಾಗದ ಸುತ್ತುತ್ತ ಕೇಳಿದಳು:
"ರಸೀದಿ ಬೇಕಾ?"
ನಾನು ಹಿಂದೆ ನಿಂತು ಒಮ್ಮೆ ಕೆಮ್ಮಿದೆ.
"ಹೌದು" ಎಂದರು.
ಅವಳ ಹತ್ತಿರ ಪೆನ್ನಿರಲಿಲ್ಲ. ತಮ್ಮದನ್ನು ಕೊಟ್ಟರು.
ಮೀನಿನ ಕೈ ಸೆರಗಿಗೆ ಒರೆಸಿಕೊಂಡು, ನಿಧಾನ,
ಏನು ಬರೆದಳೋ ನನಗೆ ಕಾಣಿಸಲಿಲ್ಲ.
ನನ್ನ ಕನ್ನಡಕ ಅಷ್ಟು ಸ್ವಚ್ಛವಿಲ್ಲ.