ಯಗಚಿ ಬಂದ್ಲಾ?

ಎದೆಯ ಮೇಲಿನ ಬಿಲ್ಲೆಯಲ್ಲಿ ಮೂರೇ ಅಕ್ಷರ, ಕೆಳಗೆ ನಂಬರು.
ಬೇಲೂರು–ಚಿಕ್ಕಮಗಳೂರು, ದಿನಕ್ಕೆ ಆರು ಸಲ.
ಟಿಕೆಟ್ ಕೊಡಲು ಬಗ್ಗಿದಾಗ
ಜನ ಕಣ್ಣು ಕಿರಿದು ಮಾಡಿ ಓದುತ್ತಾರೆ:
ಯೋಗಿತಾನಾ? ಏಲಕ್ಕಿನಾ?
ಅಚ್ಚಿನ ತಪ್ಪಾ ಮೇಡಂ?
ಅಲ್ಲ ಕಣ್ರೀ, ಯಗಚಿ.
ಅದು ಹೊಳೆಯಲ್ವಾ?
ಹೌದು, ಹೊಳೆಯೇ. ಚಿಲ್ಲರೆ ಕೊಡಿ.

ಹೆಂಗಸರು ಈಗ ಚಿಲ್ಲರೆ ಕೊಡುವುದಿಲ್ಲ, ಆಧಾರ್ ತೋರಿಸುತ್ತಾರೆ.
ಹಾಗಾಗಿ ದಿನವಿಡೀ ನಾನು ಓದುವುದು ಹೆಸರು;
ಸೆರಗಿನ ಗಂಟಿನಿಂದ, ರವಿಕೆಯೊಳಗಿನ ಪರ್ಸಿನಿಂದ,
ಕವರಿನೊಳಗಿನ ಕವರಿನೊಳಗಿನ ಕವರಿನಿಂದ
ಬೆಚ್ಚಗೆ ಹೊರಬರುವ ಹೆಸರು.
ನಿನ್ನೆ ಬೆಳಗಿನ ಟ್ರಿಪ್ಪಿನಲ್ಲಿ ಜಯಮ್ಮ ಏಳು,
ರತ್ನ ನಾಲ್ಕು, ಅದರಲ್ಲೊಬ್ಬಳು ರತ್ನಾಬಾಯಿ,
ಅವಳನ್ನು ಅರ್ಧ ಅಂತ ಎಣಿಸಿದೆ.
ಮುಬೀನಾ ಇಬ್ಬರು. ಪುಟ್ಟಲಿಂಗಮ್ಮ ಒಬ್ಬರೇ, ಕಿವಿ ಮಂದ.
ತೊಡೆಯ ಮೇಲಿನ ಕೂಸುಗಳೆಲ್ಲ ಶಾನ್ವಿ, ಮಾನ್ವಿ, ಧನ್ವಿ,
ಒಂದೇ ಅಂಗಡಿಯಲ್ಲಿ ಕೊಂಡ ಬಳೆಗಳ ಹಾಗೆ.
ಇಷ್ಟು ದಿನದಲ್ಲಿ ಇನ್ನೊಬ್ಬ ಯಗಚಿಗೆ
ನಾನು ಟಿಕೆಟ್ ಹರಿದಿಲ್ಲ.

ಅರ್ಥ ಕೇಳಿದವರಿಗೆ ಮೊದಮೊದಲು ನಾಚುತ್ತಿದ್ದೆ.
ಒಂದು ದಿನ ಮುಂದಿನ ಸೀಟಿನ ರಿಟೈರ್ಡ್ ಮೇಷ್ಟ್ರು
ಛತ್ರಿಯ ಹಿಡಿಗೆ ಗಲ್ಲ ಊರಿ ಹೇಳಿದರು:
ನೋಡಮ್ಮಾ, ಹೊಳೆಗೆ ಬದರಿ ಅಂತಲೂ ಹೆಸರುಂಟು,
ಬದರಿ ಅಂದರೆ ಎಲಚಿ,
ಎಲಚಿಯೇ ನಾಲಿಗೆಯಿಂದ ನಾಲಿಗೆಗೆ ಉರುಳಿ
ಯಗಚಿ ಆಗಿರಬೇಕು.
ಇರಬೇಕು, ಅಂದರು. ಆ 'ಇರಬೇಕು' ನನಗೆ ಹಿಡಿಸಿತು.
ಮುಳ್ಳಿನ ಗಿಡ, ಗೋಲಿಯಷ್ಟು ಹಣ್ಣು,
ಉಪ್ಪು ಖಾರ ಬಿದ್ದರೆ ಮಾತ್ರ ಬಾಯಿಗೆ ಬರುವ ಹುಳಿ.
ಹೊಂದುತ್ತದೆ ಅಂತ ಡ್ರೈವರ್ ಬಸಪ್ಪಾಜಿ ನಕ್ಕ.
ಅವನ ಸ್ಟಾಪಿನಲ್ಲಿ ಎರಡು ಸಲ ಸೀಟಿ ಊದಿದೆ.

ನಿಜದ ಮೂಲ ಮೇಷ್ಟ್ರಿಗೆ ಹೇಳಲಿಲ್ಲ.
ಅಣೆಕಟ್ಟೆ ಏಳುತ್ತಿದ್ದ ಕಾಲ.
ಪಾವಗಡದ ಕಡೆಯಿಂದ ಲಾರಿ ಹತ್ತಿ ಬಂದ
ಓಬಕ್ಕನಿಗೆ ತೆಲುಗು ಬಿಟ್ಟರೆ
ಕನ್ನಡದಲ್ಲಿ ಬರುತ್ತಿದ್ದದ್ದು ಒಂದೇ ಮಾತು,
ಲಾರಿಯವನು ಬಾಗಿಲು ಬಡಿದು ಕೂಗುತ್ತಿದ್ದ ಮಾತು.
ತಗಡಿನ ಶೆಡ್ಡಿನಲ್ಲಿ ನಾನು ಹುಟ್ಟಿ ಒಂಬತ್ತನೇ ದಿನ
ಚುಚ್ಚುಮದ್ದಿನ ನರ್ಸು ಬಂದಳು, ಕೈಯಲ್ಲಿ ಕಾರ್ಡು.
ಹೆಸರೇನು, ಅಂದಳು ನರ್ಸು.
ಎಲ್ಲಿ ಕೆಲಸ, ಅಂತ ಕೇಳಿಸಿಕೊಂಡಳು ಅಮ್ಮ.
ಯಗಚಿ, ಅಂದಳು.

ಹೀಗೆ ನಾನು ಬೇರೆ ಪ್ರಶ್ನೆಯ ಉತ್ತರ.
ಸ್ಕೂಲಿನಲ್ಲಿ ಯಶೋದ ಮಾಡಲು ನೋಡಿದರು,
ಕಾರ್ಡು ಬಿಡಲಿಲ್ಲ.
ಅಮ್ಮ ಮಾತ್ರ ಒಂದು ದಿನವೂ ಆ ಹೆಸರಿಂದ ಕರೆದದ್ದಿಲ್ಲ.
ಅವಳಿಗೆ ನಾನು ಪಾಪ, ನಲವತ್ತು ಹತ್ತಿರ ಬಂದರೂ.
ಯಗಚಿ ಅಂದರೆ ಅವಳಿಗೆ ಇವತ್ತಿಗೂ
ನೆತ್ತಿಯ ಸಿಂಬಿ, ಸಿಂಬಿಯ ಮೇಲೆ ಕಲ್ಲು,
ಶನಿವಾರದ ಬಟವಾಡೆ.

ಮೊನ್ನೆ ಚಿಕ್ಕಮಗಳೂರಿನ ಹೊಸ ಬಾಡಿಗೆಮನೆಯಲ್ಲಿ
ಮೊದಲ ರಾತ್ರಿ ಕಳೆದು, ನಾಲ್ಕೂವರೆಗೆ,
ಗೋಡೆಯಾಚೆ ಹೆಂಗಸಿನ ದನಿ:
ಯಗಚಿ ಬಂದ್ಲಾ?
ಎದ್ದು ಕೂತೆ. ಇನ್ನೊಂದು ದನಿ, ಮೂರನೇ ಮನೆಯಿಂದ:
ಇನ್ನೂ ಇಲ್ಲ ಕಣೇ, ಮೂರು ದಿನ ಆಯ್ತು ಮುಖ ತೋರಿಸಿ.
ಇನ್ನೊಂದು, ರಸ್ತೆಯಾಚೆ:
ಬಂದ್ರೂ ಅವಳದು ಸಣ್ಣ ಬುದ್ಧಿ, ಮಣ್ಣು ಬಣ್ಣ.
ಓ, ಬಂದೆ ಅಂತ ನಾನೇ ಕೂಗಿಬಿಟ್ಟೆ, ನಿದ್ದೆಗಣ್ಣಲ್ಲಿ.

ಬೀದಿ ಒಂದು ಗಳಿಗೆ ಸುಮ್ಮನಾಯಿತು.
ಆಮೇಲೆ ನಲ್ಲಿ ಕೆಮ್ಮಿತು, ಗಾಳಿ ಉಗಿಯಿತು,
ದಪ್ಪನೆ ಬಿತ್ತು ನೀರು.
ಬಂದ್ಲು, ಬಂದ್ಲು, ಯಗಚಿ ಬಂದ್ಲು ಅಂತ
ಮನೆಮನೆಯಲ್ಲೂ ಬಿಂದಿಗೆ, ಬಕೆಟ್ಟು, ಡ್ರಮ್ಮಿನ ಸದ್ದು.
ಇಡೀ ಊರು ಹಲ್ಲುಜ್ಜುವ ಮೊದಲು
ಬಾಯ್ತುಂಬ ನನ್ನ ಹೆಸರು ಹಿಡಿಯಿತು.

ಅಮ್ಮನಿಗೆ ಫೋನು ಮಾಡೋಣ ಅಂದುಕೊಂಡೆ,
ನೀನು ಹೊತ್ತ ಕಲ್ಲು ಇಲ್ಲಿ ನಲ್ಲಿಯಲ್ಲಿ ಬರುತ್ತಿದೆ ಅಂತ.
ತೆಲುಗಿನಲ್ಲಿ ಹೇಗೆ ಹೇಳುವುದು ಹೊಳೆಯಲಿಲ್ಲ.
ಎಂಟು ಕೊಡ ಆಗುವಷ್ಟರಲ್ಲಿ ಅವಳು ನಿಂತೇಹೋದಳು.
ನನಗೆ ಆರೂಕಾಲಿಗೆ ಮೊದಲ ಬಸ್ಸು.